ಏರುವ ಮೊದಲೇ ಇಳಿಯುವ ಲೆಕ್ಕ

“ಸೀಟು ಖಾಲಿ ಇದ್ದುವಂತ್ರೀ ಸರ. ಆದ್ರೂ ಬ್ಯಾಗ್ ಮಾತ್ರ ಬೆಂಗಳೂರಾಗ ಬಿಟ್ಟು ಬಂದಾರ. ಇದೆಂಥಾ ಲೆಕ್ಕರೀ?”

ಹನುಮನಹಳ್ಳಿಯಲ್ಲಿ ಹೋಂಸ್ಟೇ ನಡೆಸುವ ಹುಡುಗ ಕೇಳಿದ ಪ್ರಶ್ನೆ ಇದು. ಅವನ ಅತಿಥಿಗಳು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಇಳಿದು, ಕಡೆಬಾಗಿಲು ಸೇತುವೆ ದಾಟಿ, ಅಂಜನಾದ್ರಿಯ ಬುಡಕ್ಕೆ ಬಂದು ಮುಟ್ಟಿದ್ದರು. ಅವರ ಸಾಮಾನು ಬಂದಿರಲಿಲ್ಲ. ಸಿಟ್ಟು ಬರುವುದು ಸಹಜ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿದರೆ ವಿಮಾನ ಹಾರಿಸುವವರು ದಿನವೂ ಮಾಡುವ ಅತಿ ಗಂಭೀರವಾದ ಲೆಕ್ಕಕ್ಕೆ ಬಂದು ನಿಲ್ಲುತ್ತೇವೆ. ಎಷ್ಟು ಇಂಧನ ತುಂಬಬೇಕು, ಇಳಿಯುವ ಹೊತ್ತಿಗೆ ವಿಮಾನ ಎಷ್ಟು ಭಾರ ಇರಬೇಕು ಎಂಬ ಲೆಕ್ಕ.

ಗಂಗಾವತಿ, ಕಾರಟಗಿ ಸೀಮೆಯವರಿಗೆ ತೂಕ ಹೊಸ ವಿಷಯವಲ್ಲ. ಗಿರಣಿಯಿಂದ ಅಕ್ಕಿ ಹೇರಿಕೊಂಡ ಲಾರಿ ವೇಬ್ರಿಡ್ಜ್ ಹತ್ತುತ್ತದೆ. ಖಾಲಿ ತೂಕ ಕಳೆದರೆ ಮಾಲಿನ ತೂಕ ಸಿಗುತ್ತದೆ. ಟ್ಯಾಂಕಿನಲ್ಲಿರುವ ಡೀಸೆಲ್ ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಗಂಗಾವತಿ ಬಿಟ್ಟಾಗ ಲಾರಿ ಎಷ್ಟು ತೂಗುತ್ತಿತ್ತೋ ಬೆಂಗಳೂರು ಮುಟ್ಟಿದಾಗಲೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಜೆಟ್ ವಿಮಾನದಲ್ಲಿ ಈ ಮಾತು ನಡೆಯುವುದಿಲ್ಲ. ದೂರದ ಹಾರಾಟದಲ್ಲಿ ಜನ, ಸಾಮಾನು ಎಲ್ಲ ಸೇರಿದರೂ ಇಂಧನದ ಭಾರಕ್ಕೆ ಸಮನಾಗದು. ಹೊರಟ ವಿಮಾನ ಬೇರೆ, ಮುಟ್ಟಿದ ವಿಮಾನ ಬೇರೆ. ಎರಡಕ್ಕೂ ಪ್ರತ್ಯೇಕ ಮಿತಿಗಳಿವೆ.

ತಯಾರಕರು ಪ್ರತಿ ಮಾದರಿಗೂ ಮುಖ್ಯವಾಗಿ ಮೂರು ಮಿತಿ ಬರೆದುಕೊಟ್ಟಿರುತ್ತಾರೆ. ಇಂಧನ ಬಿಟ್ಟು ಉಳಿದದ್ದೆಲ್ಲ ಸೇರಿ ಎಷ್ಟು ಭಾರ ಇರಬಹುದು ಎಂಬುದು ಮೊದಲನೆಯದು. ನಡುವಿನ ಒಡಲಿನಲ್ಲಿ ಭಾರ ಜಾಸ್ತಿಯಾಗಿ ರೆಕ್ಕೆಗಳು ಖಾಲಿಯಿದ್ದರೆ ರೆಕ್ಕೆಯ ಬುಡಕ್ಕೆ ಬಾಗುವ ಒತ್ತಡ ಹೆಚ್ಚುತ್ತದೆ, ಅದಕ್ಕಾಗಿ ಈ ಮಿತಿ. ನೆಲ ಬಿಡುವಾಗಿನ ತೂಕ ಎರಡನೆಯದು. ನೆಲ ಮುಟ್ಟುವಾಗಿನ ತೂಕ ಮೂರನೆಯದು, ನಮ್ಮ ವಿಷಯಕ್ಕೆ ಇದೇ ಮುಖ್ಯ. ಸ್ಟಾರ್ ಏರ್‌ನಂಥ ಸಂಸ್ಥೆ ನಮ್ಮ ಭಾಗದ ಊರುಗಳಿಗೆ ಹಾರಿಸುವ 76 ಆಸನದ ಎಂಬ್ರೇಯರ್ 175 ಜೆಟ್ ತೆಗೆದುಕೊಳ್ಳಿ. ಅದರ ಒಂದು ಆವೃತ್ತಿಯಲ್ಲಿ ಏರುವ ಮಿತಿ 38.79 ಟನ್, ಇಳಿಯುವ ಮಿತಿ 34 ಟನ್. ಏರ್‌ಬಸ್ 320 ನಿಯೋದಲ್ಲಿ ಏರಲು 79 ಟನ್, ಇಳಿಯಲು 67 ಟನ್ನಿನ ಆಸುಪಾಸು. ಬೋಯಿಂಗ್ 777-200 ಎಲ್‌ಆರ್ ವಿಮಾನಕ್ಕೆ ಏರಲು 347 ಟನ್ ಅನುಮತಿ, ಇಳಿಯಲು ಬರೀ 223. ನಡುವಿನ 124 ಟನ್ ದಾರಿಯಲ್ಲೇ ಉರಿದು ಹೋಗಬೇಕು.

ಏರಬಲ್ಲ ವಿಮಾನ ಅಷ್ಟೇ ಭಾರದಲ್ಲಿ ಇಳಿಯಲಾರದೇಕೆ? ಏರುವಾಗ ಚಕ್ರಗಳು ಭಾರವನ್ನು ಹೊತ್ತು ಓಡುತ್ತವೆ, ಓಡುತ್ತ ಓಡುತ್ತ ಭಾರ ರೆಕ್ಕೆಗೆ ವರ್ಗವಾಗುತ್ತದೆ. ಇಳಿಯುವಾಗ ಮೇಲಿಂದ ಬಂದ ಭಾರ ಒಮ್ಮೆಲೇ ಕಾಲುಗಳ ಮೇಲೆ ಬೀಳುತ್ತದೆ. ವಿನ್ಯಾಸದ ನಿಯಮ ಹೀಗಿದೆ: ಇಳಿಯುವ ಮಿತಿಯ ತೂಕದಲ್ಲಿ ವಿಮಾನ ಸೆಕೆಂಡಿಗೆ 10 ಅಡಿ ವೇಗದಲ್ಲಿ ಕೆಳಗಿಳಿದು ನೆಲ ಮುಟ್ಟಿದರೂ ಅದರ ಕಾಲು, ಒಡಲು ತಾಳಬೇಕು. ಏರುವ ಮಿತಿಯ ತೂಕದಲ್ಲಿ ಸೆಕೆಂಡಿಗೆ 6 ಅಡಿಯ ಇಳಿತವನ್ನು ತಾಳಿದರೆ ಸಾಕು. ಅಂದರೆ ಹೊರಟ ತಕ್ಷಣ ತುಂಬಿದ ಭಾರದಲ್ಲೇ ವಾಪಸು ಇಳಿಯಬೇಕಾಗಿ ಬಂದರೂ ವಿಮಾನ ಮುರಿದು ಬೀಳುವುದಿಲ್ಲ. ಪೈಲಟ್ ಹಗುರಾಗಿ ಇಳಿಸಬೇಕು, ಆಮೇಲೆ ಎಂಜಿನಿಯರುಗಳು ಕಾಲು, ರೆಕ್ಕೆಗಳನ್ನು ಕೂಲಂಕಷವಾಗಿ ತಪಾಸಣೆ ಮಾಡಬೇಕು.

ಓಟದ ಉದ್ದದ್ದು ಇನ್ನೊಂದು ತೊಡಕು. ಭಾರ ಶೇ 10 ಹೆಚ್ಚಿದರೆ ಇಳಿಯುವ ವೇಗ ಶೇ 5ರಷ್ಟು ಹೆಚ್ಚಬೇಕು. ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಮಾತ್ರ ಶೇ 21ರಷ್ಟು ಏರುತ್ತದೆ. ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಅದೇ ವಿಮಾನ ಚೆನ್ನೈಗಿಂತ ಶೇ 4-5ರಷ್ಟು ಹೆಚ್ಚು ನಿಜವೇಗದಲ್ಲಿ ನೆಲ ಮುಟ್ಟುತ್ತದೆ. ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಗಾಳಿ ಮತ್ತಷ್ಟು ತೆಳುವಾಗುತ್ತದೆ. ಹೊರಡುವ ಮೊದಲೇ ನೋಡಿಕೊಳ್ಳಬೇಕಾದ ನಿಯಮ ಕಟ್ಟುನಿಟ್ಟಿನದು: ಒಣಗಿದ ರನ್‌ವೇ ಆದರೆ ಲಭ್ಯ ಉದ್ದದ ಶೇ 60ರೊಳಗೆ ಜೆಟ್ ನಿಲ್ಲುವಂತಿರಬೇಕು. ಮಳೆಯಿಂದ ಒದ್ದೆಯಾಗುವ ಸಂಭವವಿದ್ದರೆ ಬೇಕಾದ ಉದ್ದಕ್ಕೆ ಇನ್ನೂ ಶೇ 15 ಸೇರಿಸಬೇಕು. ಉದ್ದ ಹೆಚ್ಚಿಸಲು ಬರುವುದಿಲ್ಲ, ಆದ್ದರಿಂದ ತೂಕ ಇಳಿಸಬೇಕು.

ಈಗ ಇಂಧನದ ಕಡೆಗೆ ಬರೋಣ. ಹಾರಾಟದ ಯೋಜನೆ ಹಾಕುವ ಡಿಸ್ಪ್ಯಾಚರ್ ಕೂಡಿಸುವ ಬಾಬ್ತುಗಳು ಜಗತ್ತಿನೆಲ್ಲೆಡೆ ಬಹುಮಟ್ಟಿಗೆ ಒಂದೇ. ನಿಲ್ದಾಣದೊಳಗೆ ಓಡಾಡಲು ಒಂದಿಷ್ಟು. ಹೊರಟ ಊರಿನಿಂದ ತಲುಪುವ ಊರಿಗೆ ಬೇಕಾದಷ್ಟು. ಎದುರುಗಾಳಿ, ಸುತ್ತುದಾರಿ ಅಂತ ಅದರ ಮೇಲೆ ಸಾಮಾನ್ಯವಾಗಿ ಶೇ 5. ತಲುಪಿದ ಊರಲ್ಲಿ ಇಳಿಯಲಾಗದಿದ್ದರೆ ಮತ್ತೆ ಮೇಲೇರಿ ಬದಲಿ ನಿಲ್ದಾಣಕ್ಕೆ ಹೋಗುವಷ್ಟು. ಇಷ್ಟಾದ ಮೇಲೆ ಮುಟ್ಟಬಾರದ ಪಾಲು ಒಂದಿದೆ: ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತಲು ಸಾಕಾಗುವ ಅಂತಿಮ ಮೀಸಲು. ಏರ್‌ಬಸ್ 320ರಂಥ ವಿಮಾನಕ್ಕೆ ಇದು ಒಂದು ಟನ್ನಿಗಿಂತ ತುಸು ಹೆಚ್ಚು. ಎಲ್ಲಕ್ಕೂ ಮೇಲೆ, ಇವತ್ತು ಬೆಂಗಳೂರಲ್ಲಿ ಮಂಜು ಬಿದ್ದೀತು, ಇನ್ನೂ ಒಂದಿಷ್ಟು ಇರಲಿ ಎಂದು ಕ್ಯಾಪ್ಟನ್ ಕೇಳಿದರೆ ಅದೂ ಸೇರುತ್ತದೆ. ಕೊನೆಯ ಮಾತು ಕ್ಯಾಪ್ಟನ್‌ದೇ.

ಈ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ನೆಲ ಮುಟ್ಟಿದ ಗಳಿಗೆಯಲ್ಲಿ ಟ್ಯಾಂಕಿನಲ್ಲಿ ಕನಿಷ್ಠ ಎಷ್ಟಿರಬೇಕು, ಗರಿಷ್ಠ ಎಷ್ಟಿರಬಹುದು ಎಂದು ಮೊದಲು ಕಟ್ಟಿಕೊಂಡು, ಅಲ್ಲಿಂದ ಹೊರಡುವ ಊರಿಗೆ ಹಿಂತಿರುಗಿ ಬರುತ್ತಾರೆ.

ಹೋಂಸ್ಟೇ ಹುಡುಗನಿಗೆ ಹಾಕಿ ತೋರಿಸಿದ ಉದಾಹರಣೆಯನ್ನೇ ಇಲ್ಲೂ ಕೊಡುತ್ತೇನೆ. ಅಂಕಿಗಳು ತಿಳಿವಳಿಕೆಗಾಗಿ ದುಂಡಾಗಿಸಿದವು. ಬೆಂಗಳೂರಿನಿಂದ ವಿದ್ಯಾನಗರಕ್ಕೆ ಆಕಾಶದಲ್ಲಿ ಸುಮಾರು 250 ಕಿ.ಮೀ. ಖಾಲಿ ಎಂಬ್ರೇಯರ್, ಸಿಬ್ಬಂದಿ, ತಿಂಡಿ-ನೀರು ಸೇರಿ 23 ಟನ್ ಎಂದುಕೊಳ್ಳೋಣ. ನಮ್ಮಲ್ಲಿ ವಯಸ್ಕ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ತೂಗುವುದಿಲ್ಲ, ಕೈಚೀಲ ಸೇರಿಸಿ ತಲಾ 75 ಕಿಲೋ ಎಂದು ಹಿಡಿಯುತ್ತಾರೆ. 76 ಜನಕ್ಕೆ 5,700 ಕಿಲೋ. ತಲಾ 15 ಕಿಲೋ ಬ್ಯಾಗಿಗೆ 1,140. ಒಟ್ಟು 29.84 ಟನ್. ಇಳಿಯುವ ಮಿತಿ 34 ಆದ್ದರಿಂದ ನೆಲ ಮುಟ್ಟುವಾಗ ಟ್ಯಾಂಕಿನಲ್ಲಿ 4.16 ಟನ್‌ವರೆಗೆ ಇರಬಹುದು. ಬದಲಿ ನಿಲ್ದಾಣ, ಮೀಸಲು ಎಲ್ಲ ಸೇರಿ 2 ಟನ್ ಉಳಿದಿರಲೇಬೇಕು. ಇಳಿದ ಊರಲ್ಲಿ ಇಂಧನ ತುಂಬಿಸುವುದಿಲ್ಲ, ವಾಪಸು ಹೋಗಲು ಬೇಕಾದದ್ದನ್ನೂ ಬೆಂಗಳೂರಿನಿಂದಲೇ ಹೊತ್ತು ತರಬೇಕು ಎಂದಾದರೆ ಇನ್ನೂ 1.4 ಟನ್. ಒಟ್ಟು 3.4. ಮಿತಿಯೊಳಗೇ ಇದೆ.

ಅಷ್ಟರಲ್ಲಿ ಮಳೆಯ ಮುನ್ಸೂಚನೆ ಬಂತು ಅನ್ನಿ. ರನ್‌ವೇ ಚಿಕ್ಕದಿದ್ದು, ಒದ್ದೆ ನೆಲದ ಲೆಕ್ಕದಲ್ಲಿ ಅಂದಿನ ಇಳಿಯುವ ತೂಕ 33 ಟನ್ನಿಗೆ ಇಳಿಯಿತು. ಇಂಧನಕ್ಕೆ ಉಳಿದ ಜಾಗ 3.16 ಟನ್. ಬೇಕಾದದ್ದು 3.4. ಕೊರತೆ 240 ಕಿಲೋ, ಅಂದರೆ ಸರಿಯಾಗಿ ಹದಿನಾರು ಬ್ಯಾಗು. ಮೊದಲೇ ಗೊತ್ತಿದ್ದರೆ ಮೂರ್ನಾಲ್ಕು ಸೀಟು ಮಾರದೆ ಬಿಡುತ್ತಾರೆ. ಕೊನೆ ಗಳಿಗೆಯಲ್ಲಿ ಗೊತ್ತಾದರೆ ಬ್ಯಾಗು ಇಳಿಸುತ್ತಾರೆ. ಮೀಸಲು ಇಂಧನವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಸೀಟು ಖಾಲಿ ಇದ್ದೂ ಬ್ಯಾಗು ಉಳಿಯುವುದರ ಹಿಂದೆ ಬಹಳ ಸಲ ಇಂಥದ್ದೇ ಲೆಕ್ಕ ಇರುತ್ತದೆ. ಇಷ್ಟನ್ನು ಕೌಂಟರಿನಲ್ಲಿ ನಿಂತವರು ಪ್ರಯಾಣಿಕರಿಗೆ ಬಿಡಿಸಿ ಹೇಳಬೇಕು. ಜನ ಲೆಕ್ಕ ಅರ್ಥ ಮಾಡಿಕೊಳ್ಳುತ್ತಾರೆ, ಮೌನವನ್ನು ಸಹಿಸುವುದಿಲ್ಲ.

ಹಾಗಾದರೆ ಬೇಕಾದಷ್ಟು ಹೆಚ್ಚು ಹೊತ್ತುಕೊಂಡೇ ಹಾರಿದರೆ? ಹೊತ್ತುಕೊಂಡದ್ದನ್ನು ಹೊರಲಿಕ್ಕೂ ಇಂಧನ ಬೇಕು. ಹೆಚ್ಚುವರಿ ಇಂಧನದಲ್ಲಿ ಗಂಟೆಗೆ ಸುಮಾರು ಶೇ 3ರಿಂದ 4ರಷ್ಟು ತನ್ನನ್ನು ತಾನೇ ಹೊರಲು ಉರಿಯುತ್ತದೆ ಎಂಬುದು ಈ ಕಸುಬಿನವರ ಅಂದಾಜು. ಒಂದು ಗಂಟೆಯ ಹಾರಾಟದಲ್ಲಿ ಇದು ಅಲ್ಪ, ಹದಿನಾರು ಗಂಟೆಯ ಹಾರಾಟದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು. ಆದರೂ ಒಂದು ಊರಿನ ಇಂಧನ ಅಗ್ಗ, ಇನ್ನೊಂದು ಊರಿನದು ತುಟ್ಟಿ ಎಂದಾದಾಗ ಸಂಸ್ಥೆಗಳು ಅಗ್ಗದ ಊರಿನಿಂದ ಹೆಚ್ಚು ತುಂಬಿಸಿ ತರುತ್ತವೆ. ಇದಕ್ಕೆ ಟ್ಯಾಂಕರಿಂಗ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ವಿಮಾನದ ಇಂಧನ ಜಿಎಸ್‌ಟಿಗೆ ಸೇರಿಲ್ಲ, ರಾಜ್ಯಕ್ಕೊಂದು ತೆರಿಗೆ. ಉಡಾನ್ ಯೋಜನೆಯ ನಿಲ್ದಾಣಗಳಲ್ಲಿ ಅದನ್ನು ಶೇ 1 ಅಥವಾ ಅದಕ್ಕೂ ಕಡಿಮೆ ಇಡಲು ರಾಜ್ಯಗಳು ಒಪ್ಪಿವೆ. ಹೀಗಾಗಿ ಎಲ್ಲಿ ಎಷ್ಟು ತುಂಬಿಸಬೇಕು ಎಂಬುದರಲ್ಲಿ ಹವಾಮಾನದ ಜೊತೆ ತೆರಿಗೆಯೂ ಕೂಡಿಕೊಳ್ಳುತ್ತದೆ. ಈ ವ್ಯಾಪಾರಕ್ಕೆ ಕಡೆಯ ಬೇಲಿ ಹಾಕುವುದು ಇಳಿಯುವ ತೂಕವೇ. ಅಗ್ಗ ಸಿಕ್ಕಿತೆಂದು ತುಂಬಿಸಿಕೊಂಡು ಬಂದರೆ ಇಳಿಯಲು ಆಗುವುದಿಲ್ಲ.

ಇಂಧನ ತುಂಬುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಇಂಧನದ ಟ್ಯಾಂಕರ್ ಲಾರಿ, ಅಂದರೆ ಬೌಸರ್, ಬಂದು ನಿಂತ ಕೂಡಲೇ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರದಂತೆ ವಿಮಾನಕ್ಕೊಂದು ತಂತಿ ಸಿಕ್ಕಿಸುತ್ತಾರೆ. ಗಾಜಿನ ಜಾಡಿಯಲ್ಲಿ ಒಂದಿಷ್ಟು ಇಂಧನ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ. ಸಿರಿಂಜಿನ ತುದಿಗೆ ಪುಟ್ಟದೊಂದು ಹಳದಿ ಕ್ಯಾಪ್ಸೂಲ್ ಸಿಕ್ಕಿಸಿ ಆ ಇಂಧನವನ್ನು ಎಳೆಯುತ್ತಾರೆ. ನೀರಿನ ಅಂಶವಿದ್ದರೆ ಹಳದಿ ಹಸಿರಿಗೆ ತಿರುಗುತ್ತದೆ. ಆಮೇಲೆಯೇ ರೆಕ್ಕೆಯ ಕೆಳಗಿನ ಬಾಯಿಗೆ ಕೊಳವೆ. ಬೌಸರ್‌ನ ಮೀಟರ್ ಲೀಟರ್ ತೋರಿಸುತ್ತದೆ, ಕಾಕ್‌ಪಿಟ್ ಕಿಲೋ ತೋರಿಸುತ್ತದೆ. ಒಂದು ಲೀಟರ್ ಸುಮಾರು 0.8 ಕಿಲೋ, ಬಿಸಿಲಿನಲ್ಲಿ ಇನ್ನೂ ಕಡಿಮೆ. ಎರಡೂ ತಾಳೆಯಾಗುವವರೆಗೆ ಕಾಗದಕ್ಕೆ ಸಹಿ ಬೀಳುವುದಿಲ್ಲ. ಈ ತಾಳೆ ತಪ್ಪಿದ್ದೂ ಉಂಟು. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಹೊಸ ಬೋಯಿಂಗ್ 767ಕ್ಕೆ ಬೇಕಾಗಿದ್ದುದು 22,300 ಕಿಲೋ. ಪೌಂಡಿನ ಗುಣಕ ಬಳಸಿ ಲೆಕ್ಕ ಹಾಕಿದ್ದರಿಂದ ಅದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹೊರಟಿತು. ನಡುದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಗಾಳಿಯಲ್ಲಿ ತೇಲಿಸುತ್ತ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.

ಈ ಲೆಕ್ಕ ಬಹಳ ದೊಡ್ಡದಾಗಿ ಕಂಡದ್ದು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯಲ್ಲಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ 777-200 ಎಲ್‌ಆರ್, ಉತ್ತರ ಧ್ರುವದ ಮೇಲಿನ ದಾರಿ ಹಿಡಿದು 11ರ ನಸುಕಿಗೆ ಬೆಂಗಳೂರಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ. ನೇರ ಅಂತರ 13,993 ಕಿ.ಮೀ. ಇಂಥ ದಾರಿಯಲ್ಲಿ ಶೇ 5ರ ಹೆಚ್ಚುವರಿ ಎಂದರೇ ಹಲವು ಟನ್. ಅದಕ್ಕಾಗಿ ಯೋಜನೆ ಹಾಕುವವರು ಒಂದು ಜಾಣತನ ಮಾಡುವುದುಂಟು: ಕಾಗದದಲ್ಲಿ ಮೊದಲು ದಾರಿಯಲ್ಲಿನ ಹತ್ತಿರದ ನಿಲ್ದಾಣಕ್ಕೆ ಹೊರಡುವುದು, ನಡುವೆ ಒಂದು ಗೊತ್ತಾದ ಬಿಂದುವಿನಲ್ಲಿ ಉಳಿದ ಇಂಧನ ನೋಡಿ, ಸಾಕಷ್ಟಿದ್ದರೆ ಅಲ್ಲಿಂದ ಮುಂದಿನ ಊರಿಗೆ ಹೊಸದಾಗಿ ಯೋಜನೆ ಹಾಕುವುದು. ಅಲ್ಲಿಂದಾಚೆಗಿನ ದಾರಿಗಷ್ಟೇ ಶೇ 5 ಹಿಡಿದರೆ ಸಾಕು.

ಇಂಥ ವಿಮಾನ ಹೊರಟ ಅರ್ಧ ಗಂಟೆಗೇ ತೊಂದರೆ ಎದುರಾಗಿ ತಿರುಗಿ ಬರಬೇಕಾದರೆ? 777ರಲ್ಲಿ ಇಂಧನವನ್ನು ಆಕಾಶದಲ್ಲೇ ಹೊರಚೆಲ್ಲುವ ವ್ಯವಸ್ಥೆ ಇದೆ. ಸಾಕಷ್ಟು ಎತ್ತರದಲ್ಲಿ, ಜನವಸತಿ ಇಲ್ಲದ ಕಡೆ ಚೆಲ್ಲಿದರೆ ಅದು ನೆಲ ಸೇರುವ ಮುನ್ನ ಬಹುಪಾಲು ಆವಿಯಾಗುತ್ತದೆ. 2020ರ ಜನವರಿ 14ರಂದು ಡೆಲ್ಟಾ ಸಂಸ್ಥೆಯ 777 ಒಂದು ಲಾಸ್ ಏಂಜಲೀಸ್ ನಗರದ ಮೇಲೆ ತಗ್ಗಿನಲ್ಲೇ ಚೆಲ್ಲಿದ ಇಂಧನ ಶಾಲೆಗಳ ಅಂಗಳದಲ್ಲಿದ್ದ ಮಕ್ಕಳ ಮೇಲೆ ಬಿದ್ದಿತ್ತು. ಬೋಯಿಂಗ್ 737, ಏರ್‌ಬಸ್ 320ರಂಥ ವಿಮಾನಗಳಿಗೆ ಚೆಲ್ಲುವ ಸೌಲಭ್ಯವೇ ಇಲ್ಲ. ಅವು ಸುತ್ತಿ ಸುತ್ತಿ ಉರಿಸಬೇಕು. 2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪ್ಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ರಲ್ಲಿ ಹೈಡ್ರಾಲಿಕ್ ದೋಷ ಕಂಡಿತು. 141 ಪ್ರಯಾಣಿಕರಿದ್ದ ವಿಮಾನ ಎರಡು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಸುತ್ತಿತು, ಟಿ.ವಿ.ಗಳಲ್ಲಿ ದೇಶವೇ ಉಸಿರು ಬಿಗಿಹಿಡಿದು ನೋಡಿತು. ಆ ಸುತ್ತಾಟ ಗಾಬರಿಯದಲ್ಲ, ವಿಮಾನವನ್ನು ಹಗುರ ಮಾಡುವ ಕ್ರಮಬದ್ಧ ಕೆಲಸ. ಸುರಕ್ಷಿತವಾಗಿ ಇಳಿಯಿತು. ಬೆಂಕಿಯ ವಿಷಯ ಬೇರೆ. ಅದೇ ವರ್ಷ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಂಡಾಗ ಪೈಲಟ್‌ಗಳು ಕಾಯದೆ ತಿರುಗಿ ಬಂದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು. 179 ಪ್ರಯಾಣಿಕರನ್ನೂ ಸುರಕ್ಷಿತವಾಗಿ ಹೊರತಂದರು. ಬೆಂಕಿ ಹತ್ತಿದಾಗ ತೂಕದ ಮಿತಿ ಎರಡನೇ ಮಾತು.

ಹೆಚ್ಚಾದಾಗಿನ ಕಥೆ ಇದಾಯಿತು, ಕಡಿಮೆಯಾದಾಗ? 2025ರ ಜೂನ್ 19ರ ಸಂಜೆ ಗುವಾಹಟಿಯಿಂದ ಚೆನ್ನೈಗೆ ಬಂದ ಇಂಡಿಗೊ ಏರ್‌ಬಸ್ 321 ಚೆನ್ನೈನಲ್ಲಿ ಇಳಿಯಲಾಗದೆ ಮತ್ತೆ ಮೇಲೇರಿ ಬೆಂಗಳೂರಿನತ್ತ ತಿರುಗಿತು. ಬೆಂಗಳೂರು ಇನ್ನೂ 35 ಮೈಲು ಇರುವಾಗ ಇಂಧನದ ಕಾರಣಕ್ಕೆ ‘ಮೇಡೇ’ ಎಂಬ ತುರ್ತು ಕರೆ ಕೂಗಿತು. ರಾತ್ರಿ 8.20ರ ಸುಮಾರಿಗೆ 168 ಪ್ರಯಾಣಿಕರೊಂದಿಗೆ ಕ್ಷೇಮವಾಗಿ ಇಳಿಯಿತು. ಟ್ಯಾಂಕ್ ಖಾಲಿಯಾಗಿತ್ತು ಎಂದೇ ಅನೇಕರು ತಿಳಿದರು. ನಿಯಮ ಹೇಳುವುದು ಬೇರೆ. ಹತ್ತಿರದ ಸುರಕ್ಷಿತ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಆ 30 ನಿಮಿಷದ ಮೀಸಲು ಮುರಿಯುತ್ತದೆ ಎಂದು ಲೆಕ್ಕ ತೋರಿಸಿದ ಕ್ಷಣವೇ ಪೈಲಟ್ ಮೇಡೇ ಕೂಗಬೇಕು. ಆಗ ಉಳಿದೆಲ್ಲ ವಿಮಾನಗಳನ್ನು ಬದಿಗೆ ಸರಿಸಿ ದಾರಿ ಕೊಡುತ್ತಾರೆ.

ಈ ನಿಯಮದ ಹಿಂದೆ ಸಾವುಗಳಿವೆ. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ಸಂಸ್ಥೆಯ ಬೋಯಿಂಗ್ 707 ನ್ಯೂಯಾರ್ಕ್‌ನ ದಾರಿಯಲ್ಲಿ ದಟ್ಟಣೆ, ಕೆಟ್ಟ ಹವೆಯ ಕಾರಣ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತಿತು. ಇಂಧನ ಮುಗಿಯುತ್ತಿದೆ ಎಂದು ಸಿಬ್ಬಂದಿ ಹೇಳಿದರು, ತುರ್ತುಸ್ಥಿತಿ ಎಂದು ಘೋಷಿಸಲಿಲ್ಲ. ನೆಲದ ಮೇಲಿದ್ದವರಿಗೆ ಅದರ ತೀವ್ರತೆ ತಲುಪಲಿಲ್ಲ. ಕೋವ್ ನೆಕ್‌ನ ಗುಡ್ಡಕ್ಕೆ ಬಿದ್ದ ವಿಮಾನದಲ್ಲಿದ್ದ 158 ಜನರಲ್ಲಿ 73 ಜನ ಸತ್ತರು. ನಮ್ಮ ನೆರೆಯಲ್ಲೂ ಅಂಥದ್ದು ಕೂದಲೆಳೆಯಲ್ಲಿ ತಪ್ಪಿದೆ. 2015ರ ಆಗಸ್ಟ್ 18ರಂದು ದೋಹಾದಿಂದ ಕೊಚ್ಚಿಗೆ ಬಂದ ಜೆಟ್ ಏರ್‌ವೇಸ್ 737, ಕೊಚ್ಚಿಯಲ್ಲಿ ಮೂರು ಸಲ, ತಿರುವನಂತಪುರದಲ್ಲಿ ಮತ್ತೆ ಮೂರು ಸಲ ಯತ್ನಿಸಿ, ಏಳನೆಯದರಲ್ಲಿ ಇಳಿಯಿತು. ಆಗ ಟ್ಯಾಂಕಿನಲ್ಲಿದ್ದುದು ಕೆಲವು ನೂರು ಕಿಲೋ ಮಾತ್ರ.

ಮಂಗಳೂರಿನ ದುರಂತವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ 2,450 ಮೀಟರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ 5,200 ಅಡಿಯಷ್ಟು ದಾಟಿದ ಮೇಲೆ ನೆಲ ಮುಟ್ಟಿತು, ತುದಿ ಮೀರಿ ಕೆಳಗುರುಳಿತು. 158 ಜನ ಹೋದರು. ಅಲ್ಲಿ ಇಂಧನವೂ ತೂಕವೂ ಕಾರಣವಲ್ಲ. ಸರಿಹೊಂದದ ಇಳಿತವನ್ನು ಬಿಟ್ಟು ಮತ್ತೆ ಮೇಲೇರಬೇಕಿತ್ತು ಎಂಬುದು ತನಿಖೆಯ ಸಾರ. ಆದರೆ ಟ್ಯಾಂಕಿನಲ್ಲಿ ಉಳಿದಿರುವ ಇಂಧನದ ನಿಜವಾದ ಬೆಲೆ ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಅದು ಪೈಲಟ್‌ಗೆ ‘ಈಗ ಬೇಡ, ಇನ್ನೊಮ್ಮೆ’ ಎನ್ನುವ ಅಧಿಕಾರ ಕೊಡುತ್ತದೆ. ಆ ಅಧಿಕಾರವನ್ನು ಕಿಲೋ ಲೆಕ್ಕದ ಉಳಿತಾಯಕ್ಕಾಗಿ ಹಿಂಡಬಾರದು. ಹೆಚ್ಚುವರಿ ಕೇಳಿದ ಕ್ಯಾಪ್ಟನ್‌ರನ್ನು ಸಂಸ್ಥೆ ಪ್ರಶ್ನಿಸುವ ವಾತಾವರಣ ಎಲ್ಲಿದ್ದರೂ ಅದು ಅಪಾಯಕಾರಿ. ಚಳಿಗಾಲದ ಬೆಳಗಿನಲ್ಲಿ ದೇವನಹಳ್ಳಿಯ ಮಂಜಿಗೆ ವಿಮಾನಗಳು ಚೆನ್ನೈಗೋ ಹೈದರಾಬಾದಿಗೋ ತಿರುಗಿದಾಗ ನಾವು ಗೊಣಗುತ್ತೇವೆ. ಹಾಗೆ ತಿರುಗಲು ಆದದ್ದು ಹಿಂದಿನ ರಾತ್ರಿ ಯಾರೋ ಅದಕ್ಕೆ ಬೇಕಾದಷ್ಟು ತುಂಬಿಸಿದ್ದರಿಂದ.

ಕೊಪ್ಪಳ ಜಿಲ್ಲೆಗೆ ಈ ಲೆಕ್ಕ ಇನ್ನೂ ಒಂದು ಕಾರಣಕ್ಕೆ ಹತ್ತಿರದ್ದು. ಕೊಪ್ಪಳದ ಪಕ್ಕದ ಬಸಾಪುರದಲ್ಲಿ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಉಡಾನ್ ಅಡಿ ಅಲ್ಲಿಂದ ಜನರ ವಿಮಾನ ಹಾರಬೇಕು ಎಂಬ ಮಾತು ವರ್ಷಗಳಿಂದ ನಡೆದಿದೆ. ಅಂಜನಾದ್ರಿ, ಆನೆಗೊಂದಿ, ಹಂಪಿಗೆ ಬರುವ ಯಾತ್ರಿಕರನ್ನು ಕಂಡವರು ಆ ಬೇಡಿಕೆಯನ್ನು ತಳ್ಳಿಹಾಕಲಾರರು. ಆದರೆ ಸಭೆಗಳಲ್ಲಿ ಚರ್ಚೆಯಾಗುವುದು ಟರ್ಮಿನಲ್ ಕಟ್ಟಡ, ಉದ್ಘಾಟನೆಯ ತಾರೀಕು. ಕೇಳಬೇಕಾದ ಪ್ರಶ್ನೆಗಳು ಬೇರೆ. ಮಳೆಗಾಲದ ಒದ್ದೆ ರನ್‌ವೇಯಲ್ಲಿ ಎಷ್ಟು ಟನ್ನಿನ ವಿಮಾನ ಇಳಿಯಬಹುದು? ಇಂಧನ ಅಲ್ಲೇ ಸಿಗುತ್ತದೆಯೇ, ವಾಪಸಿನದ್ದನ್ನೂ ಹೊತ್ತು ತರಬೇಕೇ? ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ವಿದ್ಯಾನಗರವೇ, ಹುಬ್ಬಳ್ಳಿಯೇ, ಹೈದರಾಬಾದೇ? ಹವಾಮಾನ ವರದಿ ಕೊಡುವವರು ಅಲ್ಲಿ ಇರುತ್ತಾರೆಯೇ? ಮೇ ತಿಂಗಳ ಮಧ್ಯಾಹ್ನ 76 ಸೀಟಿನಲ್ಲಿ ಎಷ್ಟನ್ನು ಮಾರಬಹುದು ಎಂಬುದು ಈ ನಾಲ್ಕರ ಉತ್ತರದ ಮೇಲೆ ನಿಂತಿದೆ.